ಮಾರಿದ ಮೇಲೂ ಮಾತು ಕೇಳಿದ ಕಾರು

ಕಣ್ಣಿರುವ ಯಂತ್ರವನ್ನು ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ಮನೆಗೆ ಹೊಸ ಟಿವಿ ಬಂದ ದಿನವೇ ಅದರ ನೆತ್ತಿಯ ಮೇಲಿನ ಪುಟ್ಟ ಕ್ಯಾಮೆರಾಕ್ಕೆ ಕರಿ ಟೇಪು ಅಂಟಿಸಿದೆ. "ನಿಮ್ಮ ಮಾರಿ ನೋಡಾಕ ಯಾರು ಕಾಯಾಕತ್ಯಾರ್ರಿ?" ಎಂದಳು ನನ್ನಾಕೆ. ನಾನು ಟೇಪನ್ನಂತೂ ತೆಗೆಯಲಿಲ್ಲ. ಕೂಡ್ಲಿಗಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ಮನೆಗೆ ಬಂದ ಮೇಲೆ ರೇಡಿಯೊ, ರಿಮೋಟುಗಳನ್ನು ಬಿಚ್ಚಿ ಕೂರುವುದು ನನ್ನ ಚಟ. ವಸ್ತುವಿನ ಹೊಟ್ಟೆಯೊಳಗೆ ಏನಿದೆಯೆಂದು ನೋಡಿದವನಿಗೆ ಅದರ ಮೇಲೆ ಭಕ್ತಿ ಉಳಿಯುವುದು ಕಷ್ಟ.

ಈಗಿನ ಕಾರುಗಳನ್ನೇ ನೋಡಿ. ಕೀಲಿ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆಯುತ್ತದೆ. ಕೀಲಿಯೂ ಕಾರೂ ರೇಡಿಯೊ ಅಲೆಯಲ್ಲಿ ಪಿಸುಗುಟ್ಟಿಕೊಳ್ಳುತ್ತವೆ. ಕಳ್ಳನೊಬ್ಬ ನಿಮ್ಮ ಪಡಸಾಲೆಯ ಹೊರಗೆ ನಿಂತು ಆ ಪಿಸುಮಾತನ್ನು ಹಿಡಿದು, ಕಾರಿನ ಬಳಿ ನಿಂತ ಜೊತೆಗಾರನಿಗೆ ದಾಟಿಸಿದರೆ, ಕೀಲಿ ಪಕ್ಕದಲ್ಲೇ ಇದೆಯೆಂದು ಕಾರು ನಂಬಿಬಿಡುತ್ತದೆ. ಅದಕ್ಕೇ ನಾನು ಕೀಲಿಯನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ನನ್ನದು ಹಳೆಯ ಕಾರು, ಅದರ ಕೀಲಿಗೆ ಪಿಸುಗುಟ್ಟುವ ಯೋಗ್ಯತೆಯೇ ಇಲ್ಲ ಎಂಬುದು ಬೇರೆ ಮಾತು.

ಹೀಗಿರುವಾಗ ನನ್ನ ಹೆಂಡತಿಯ ತಮ್ಮ ಬಸವರಾಜ ಸೆಕೆಂಡ್ ಹ್ಯಾಂಡ್ ಕಾರು ತಂದ. ಮೊಬೈಲಿನಿಂದಲೇ ಇಂಜಿನ್ ಚಾಲೂ ಮಾಡಿ ಎಸಿ ಹಚ್ಚಬಹುದಾದ, ಒಳಗೆ ದೊಡ್ಡ ಪರದೆಯುಳ್ಳ ಕಾರು. ಕೊಳ್ಳುವ ಮೊದಲು ನಮ್ಮೂರ ಮೆಕ್ಯಾನಿಕ್ ಖಾಜಾಸಾಬರ ಬಳಿ ಒಂದು ದಿನ ಬಿಟ್ಟು ನೋಡಿಸಿದ್ದ. ತಂದ ವಾರದಲ್ಲೇ ಅದಕ್ಕೆ ದೆವ್ವ ಹೊಕ್ಕಿತು. ಮಧ್ಯಾಹ್ನ ಮನೆ ಮುಂದೆ ಬೀಗ ಹಾಕಿ ನಿಲ್ಲಿಸಿದ ಗಾಡಿ, ಒಳಗೆ ನರಪಿಳ್ಳೆ ಇಲ್ಲದೆ, ತಾನೇ ಚಾಲೂ ಆಗಿ ಗುರುಗುಟ್ಟುತ್ತಿತ್ತು.

ಬಸವರಾಜನ ಹೆಂಡತಿ ನಿಂಬೆಹಣ್ಣು ಕಟ್ಟಿದಳು. ಬಸವರಾಜ ಕಳ್ಳನನ್ನೇ ಹುಡುಕಿಬಿಟ್ಟ.

"ಒಂದಿನ ಕೀಲಿ ಖಾಜಾಸಾಬನ ಕೈಯಾಗ ಇತ್ತು ಮಾವ. ಡುಪ್ಲಿಕೇಟ್ ಮಾಡ್ಯಾನ, ಒಳಗ ಏನೋ ಕೂಡಿಸ್ಯಾನ."

ಇದನ್ನು ಅವನು ಗ್ಯಾರೇಜಿಗೇ ಹೋಗಿ, ನಾಲ್ಕು ಮಂದಿ ಗಿರಾಕಿಗಳ ಮುಂದೆ ಹೇಳಿ ಬಂದಿದ್ದ. "ಈ ಊರಾಗ ಎಷ್ಟ್ ಮಂದಿ ಕೀಲಿ ನನ್ನ ಕೈಯಾಗ ಬಂದು ಹೋಗ್ಯಾವ, ಕೇಳಿ ನೋಡ್ರಿ" ಎಂದಷ್ಟೇ ಅಂದು ಖಾಜಾಸಾಬರು ಒಳಗೆ ಹೋದರಂತೆ. ನಾಳೆ ಪೊಲೀಸ್ ಸ್ಟೇಷನ್ನಿಗೂ ಹೋಗುವುದಾಗಿ ಬಸವರಾಜ ಗುಡುಗಿದ.

"ತಡೀಲೇ," ಅಂದೆ. "ಮನಷ್ಯಾನ ಮ್ಯಾಲೆ ಡೌಟ್ ಪಡೋಕಿಂತ ಮೊದಲು ಮಷೀನ್ ಮ್ಯಾಲೆ ಪಡು."

ಕಾರಿನಲ್ಲಿ ಕೂತು ಪರದೆಯ ಮೆನುಗಳನ್ನು ಒಂದೊಂದಾಗಿ ತೆರೆದೆ. ಮಾಲೀಕನ ಹೆಸರಿರುವ ಜಾಗದಲ್ಲಿ ಬಸವರಾಜನಿರಲಿಲ್ಲ. ಕಾರು ಮಾರಿದವರೇ ಇನ್ನೂ ರಾಜ್ಯವಾಳುತ್ತಿದ್ದರು. ಅವರು ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ. ಫೋನು ಹಚ್ಚಿ, ಗಾಡಿ ತಾನೇ ಚಾಲೂ ಆಗುವುದನ್ನು ಹೇಳಿದೆ.

"ಅಯ್ಯೋ, ನಾನು ಎಸಿ ಹಚ್ಚೋದು ನನ್ನ ಹೊಸ ಕಾರಿಂದು ಸರ್!" ಅಂದರು. "ಮಧ್ಯಾಹ್ನ ಊಟಕ್ಕೆ ಅಂಗಡಿ ಬಿಡೋಕೆ ಮುಂಚೆ ದಿನಾ ಮೊಬೈಲ್ ಒತ್ತುತೀನಿ. ಹೋಗಿ ಕೂತ್ರೆ ಒಳ್ಳೆ ಒಲೆ ಇದ್ದಂಗಿರ್ತತಿ. ಶೋರೂಮಿನೋರಿಗೆ ಬೈದೂ ಬೈದೂ ಸಾಕಾಗೇತಿ."

ಹೊಸ ಕಾರೂ ಅದೇ ಕಂಪನಿಯದು. ಮೊಬೈಲಿನಲ್ಲಿ ಎರಡೂ ಅಕ್ಕಪಕ್ಕ ಇದ್ದವು. ಅವರು ಹರಪನಹಳ್ಳಿಯಲ್ಲಿ ಬೆವರುತ್ತ ಒತ್ತುತ್ತಿದ್ದರು, ಕೂಡ್ಲಿಗಿಯಲ್ಲಿ ಖಾಲಿ ಸೀಟುಗಳು ತಂಪಾಗುತ್ತಿದ್ದವು.

ನಗು ಮುಗಿದ ಮೇಲೆ ಅವರು ದನಿ ತಗ್ಗಿಸಿದರು. "ಹಂಗಾರೆ ಮೊನ್ನೆ ತಂಬ್ರಹಳ್ಳಿಗೆ ಹೋಗಿದ್ದು ನೀವೇನ್ರಿ? ಮೊಬೈಲ್ನಾಗೆ ನೋಡಿ, ಅಲ್ಲಿ ಯಾರ ಮನೆ ಮುಂದೆ ಗಾಡಿ ನಿಲ್ಲಿಸಿದ್ರಿ ಅಂತ ನಮ್ಮನೆಯವಳು ಮಾತೇ ಬಿಟ್ಟಾಳೆ. ಸ್ವಲ್ಪ ಅವಳಿಗೂ ಹೇಳ್ರಿ."

ಅದು ಬಸವರಾಜನ ಹೆಂಡತಿಯ ತವರುಮನೆಯೆಂದು ಆ ತಾಯಿಗೆ ವಿವರಿಸಿದೆ. ಎಲ್ಲ ಕೇಳಿ ಆಕೆ, "ನೀವು ನಮ್ಮನೆಯವರಿಗೆ ಬಾಳ ದಿನದ ಸ್ನೇಹಿತರೇನ್ರಿ?" ಎಂದರು. ನನಗಿಂತ ಹೆಚ್ಚು ಅನುಮಾನಿಸುವ ಜೀವವೊಂದು ಈ ಸೀಮೆಯಲ್ಲಿದೆಯೆಂದು ಗೌರವ ಮೂಡಿತು.

ಫೋನಿಟ್ಟ ಮೇಲೆ ಮಾತ್ರ ಯೋಚನೆ ಹತ್ತಿತು. ವ್ಯಾಪಾರಿ ಒಳ್ಳೆಯವರು. ಕೆಟ್ಟವರಾಗಿದ್ದರೆ? ಕಾರು ಎಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಅವರ ಅಂಗೈಯಲ್ಲಿತ್ತು; ಬಾಗಿಲ ಬೀಗವೂ ಇತ್ತು. ಹ್ಯಾಕರನೇ ಬೇಕಿಲ್ಲ. ಮಾರುವಾಗ ಕೀಲಿ ಕೊಡುತ್ತೇವೆ, ಕಾಗದ ಕೊಡುತ್ತೇವೆ. ಧಣಿ ಬದಲಾದನೆಂದು ಕಾರಿಗೆ ಯಾರೂ ಹೇಳುವುದಿಲ್ಲ.

ವ್ಯಾಪಾರಿ ಅಂದೇ ಹಳೆಯ ಕಾರನ್ನು ಮೊಬೈಲಿನಿಂದ ತೆಗೆದರು. ಮರುದಿನ ಬಸವರಾಜನನ್ನು ಗ್ಯಾರೇಜಿಗೆ ಕರೆದೊಯ್ದೆ. "ತಪ್ಪಾತು ಖಾಜಾಸಾಬ್" ಎಂದು ಅವನು ತಲೆ ತಗ್ಗಿಸಿದ. "ಆತು ಬಿಡ್ರಿ" ಎಂದು ಅವರು ಚಹಾ ತರಿಸಿದರು. ಆದರೆ ಈಗ ಅವನ ಕಾರಿಗೆ ಏನೇ ಕೆಲಸವಿರಲಿ, ಬಿಸಿಲಲ್ಲೊಂದು ಸ್ಟೂಲು ಹಾಕಿ, "ಬಸವರಾಜಣ್ಣ, ಇಲ್ಲೇ ಕುಂದರ್ರಿ. ನಾ ಮಾಡೋದು ಪೂರಾ ನೋಡ್ರಿ" ಎನ್ನುತ್ತಾರೆ, ಬಲು ಮರ್ಯಾದೆಯಿಂದ. ಅವನು ಕೂರುತ್ತಾನೆ.

ಕಾರಿನ ಮನಸ್ಸಿನಿಂದ ಹಳೆಯ ಹೆಸರನ್ನು ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕಾಯಿತು. ಬಸವರಾಜ ಆ ಸ್ಟೂಲಿನಿಂದ ಏಳುವುದು ಯಾವಾಗಲೋ, ಹೇಳಬರುವುದಿಲ್ಲ.