ಸವಳು ಬಾವಿಯ ಮೇಲಿನ ಬಳ್ಳಿ

ಅಂದು ನಾನು ಒಂದೇ ಒಂದು ಮಾತು ಕೂಗಬೇಕಿತ್ತು. ಕೂಗಲಿಲ್ಲ.

ಶಲವಡಿಯ ನಮ್ಮ ಮನೆಯ ಹಂದರದ ಮೇಲೆ ಗುಲಾಬಿ ಬಣ್ಣದ ಗೊಂಚಲು ಹೂವಿನ ಬಳ್ಳಿಯಿತ್ತು. ಚಂದಕ್ಕೆಂದು ನಾನೇ ನೆಟ್ಟಿದ್ದು. ಅದು ಮಾಳಿಗೆ ಹತ್ತಿ ಬೆಳಕಿಂಡಿಯೊಳಗೆ ಇಳಿದಾಗ ಅವ್ವ, "ಗಡ್ಡಿ ಸಮೇತ ಕಿತ್ತು ಸುಡಬೇ. ಒಂದ ಚೂರು ಉಳದ್ರೂ ಮತ್ತ ಬರತೈತಿ" ಎಂದಳು. ಕಿತ್ತೆ. ಸುಡಲು ಬೇಸರವಾಗಿ ಗಡ್ಡೆಗಳನ್ನು ಹೊಲದ ಅಂಚಿನ ಸವಳು ಬಾವಿಯ ದಂಡೆಗೆ ಒಗೆದು ಬಂದು, ಸುಟ್ಟೆ ಎಂದೆ. ಆ ಉಪ್ಪು ನೀರನ್ನು ದನಗಳೂ ಕುಡಿಯುತ್ತಿರಲಿಲ್ಲ. ಅತ್ತ ಯಾರೂ ಹೋಗುತ್ತಿರಲಿಲ್ಲ.

ಎರಡು ಮಳೆಗಾಲ ಕಳೆಯುವುದರೊಳಗೆ ಬಳ್ಳಿ ಜಾಲಿ ಮರ ಹತ್ತಿ, ಬಾವಿಯ ಬಾಯನ್ನೇ ಮುಚ್ಚಿತು. ಕಂಡೆ. ಹೇಳಿದರೆ ಸುಳ್ಳು ಹೊರಬೀಳುತ್ತದೆಂದು ಸುಮ್ಮನಿದ್ದೆ.

ಶೀಗಿ ಹುಣ್ಣಿಮೆಗೆ ತಮ್ಮ ಬಂದ. ದೇವಿಕೊಪ್ಪದಲ್ಲಿ ಸೋದರಮಾವನ ಮನೆಯಲ್ಲೇ ಬೆಳೆದ ಅವನಿಗೆ ಹೊಲದ ಗುರುತು ಅಷ್ಟಿರಲಿಲ್ಲ. ಭೂಮಿತಾಯಿಗೆ ಚರಗ ಚೆಲ್ಲಲು ಹೊರಟೆವು. ಬುಟ್ಟಿಯಿಂದ ಎಡೆಯ ಅನ್ನ, ಕಡಬು ಎರಚುತ್ತ, "ಹುಲ್ಲುಲ್ಲಿಗೋ" ಎಂದು ಕೂಗುತ್ತ ಅವನು ಮುಂದೆ; ಚರಿಗೆಯ ನೀರು ಚಿಮುಕಿಸುತ್ತ ನಾನು ಹಿಂದೆ; ಬದುವಿನ ಮೇಲೆ ಅಪ್ಪ.

"ಜೋರ್ ಕೂಗಲೇ! ಮಾವನ ಮನಿ ತುಪ್ಪ ಎಲ್ಲಿ ಹೋತು?" ಎಂದು ಅಪ್ಪ ಕೆಣಕಿದರು.

ತಮ್ಮ ಮುಖ ಮೇಲೆತ್ತಿ ಇನ್ನೂ ಜೋರಾಗಿ ಕೂಗಿದ. ಅವನ ಕಾಲುಗಳು ಬಳ್ಳಿಯತ್ತ ತಿರುಗಿದವು. 'ನಿಲ್ಲೋ' ಎಂದು ಕೂಗಲು ಬಾಯಿ ತೆರೆದೆ, ಮುಚ್ಚಿದೆ. ಬಳ್ಳಿ ಅಲ್ಲಿಗೆ ಹೇಗೆ ಬಂತೆಂದು ಅಪ್ಪ ಕೇಳಿದರೆ? ಚರಗದ ಹೊತ್ತಿನಲ್ಲಿ ಹಿಂದಿನಿಂದ ಕರೆಯಬಾರದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಬಳಸಿ ಹೋದಾನು ಎಂದುಕೊಂಡೆ. ಹೂಗಳು ಒಮ್ಮೆ ಅಲುಗಿದವು. ಬುಟ್ಟಿ ಬಳ್ಳಿಯ ಮೇಲೆ ಉಳಿಯಿತು, ತಮ್ಮ ಇರಲಿಲ್ಲ.

ಹಗ್ಗ ಬಿಟ್ಟು ಎತ್ತಿದರು. ಜೀವ ಉಳಿಯಿತು, ಬಲಗಾಲು ನೆಟ್ಟಗಾಗಲಿಲ್ಲ.

"ಕಣ್ಣು ಆಕಾಶದಾಗ ಇಟ್ಟು ನಡದ್ರ ಹಿಂಗ ಆಗತೈತಿ" ಎಂದು ಅಪ್ಪ ಅವನನ್ನೇ ಬೈದರು.

ಅವನು ತಲೆ ತಗ್ಗಿಸಿ, "ಹೌದ್ರಿ" ಎಂದ. ನಾನು ಅವನ ಕಾಲಿಗೆ ದಿನಾ ಎಣ್ಣೆ ತಿಕ್ಕಿದೆ, ಬಾಯಿ ಬಿಡಲಿಲ್ಲ.

ಮದುವೆಯಾಗಿ ಕೆಲವು ವರ್ಷಗಳ ಮೇಲೆ ಅದೇ ಹಬ್ಬಕ್ಕೆ ತವರಿಗೆ ಬಂದೆ. ಬಾವಿಗೆ ಮಣ್ಣು ತುಂಬಿದ್ದರು. ಬಳ್ಳಿ ಮಾತ್ರ ಬದುವಿನುದ್ದಕ್ಕೂ ಹಬ್ಬಿತ್ತು. ಕುಂಟುತ್ತ ಬಂದ ತಮ್ಮ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟ.

"ಈ ಸಲ ನೀ ಮುಂದ ನಡಿ ಅಕ್ಕಾ. ನಾ ಹಿಂದ ಬರತೀನಿ. ಬಾವಿ ಬಂದ್ರ ಕೂಗತೀನಿ, ಅಂಜಬ್ಯಾಡ" ಎಂದು ನಕ್ಕ.

ಬುಟ್ಟಿ ಕೆಳಗಿಟ್ಟೆ.

"ತಮ್ಮಾ, ಈ ಬಳ್ಳಿ ಗಡ್ಡಿ ಇಲ್ಲಿ ಒಗದಾಕಿ ನಾನ. ಬಾವಿ ಐತಿ ಅಂತ ಗೊತ್ತಿದ್ದೂ ನಾ ಅವತ್ತ ಕೂಗಲಿಲ್ಲೋ. ತಪ್ಪಾತಪಾ, ನನ್ನ ಕ್ಷಮಿಸು."