ಕುಂಬಳಕಾಯಿ ಹೊಲ ದಾಟುವ ಲಾರಿ

ನನ್ನ ಭಾವ ಲಾರಿ ಓಡಿಸುತ್ತಾರೆ. ಎರಡು ದಿನದ ದಾರಿಯಾಚೆಯ ಸಗಟು ಮಾರುಕಟ್ಟೆಯಿಂದ ನಮ್ಮೂರಿನ ದೊಡ್ಡ ಅಂಗಡಿಗೆ ತರಕಾರಿ ತರುವುದು ಅವರ ಕೆಲಸ. ಮನುಷ್ಯ ಮಿತಭಾಷಿ, ಹತ್ತು ಸಲ ಮಾತಾಡಿಸಿದರೆ ಒಂದು ಮಾತು, ಅದೂ ಟೈರಿನ ಬಗ್ಗೆ. ಹಬ್ಬ ಬಂತೆಂದರೆ ಊರಿಗೆಲ್ಲ ತರಕಾರಿ ಬೇಕು, ಊರಿಗೆ ತರಕಾರಿ ಬೇಕೆಂದರೆ ಭಾವ ದಾರಿಯಲ್ಲಿರಬೇಕು. ಮದುವೆಯಾದಾಗಿನಿಂದ ಒಂದು ಹಬ್ಬದೂಟಕ್ಕೂ ಅವರು ಮನೆಯಲ್ಲಿರಲಿಲ್ಲ. ಸಂಜೆ ಬಂದು, ಆರಿದ ಅಡುಗೆಯನ್ನು ಅಡುಗೆಮನೆಯಲ್ಲೇ ನಿಂತು ತಿಂದು ಮಲಗಿಬಿಡುತ್ತಿದ್ದರು.

ಒಮ್ಮೆ ಅವರೇ ಅಕ್ಕನೆದುರು ಬಾಯಿಬಿಟ್ಟರು. ಊರ ಹೊರಗೆ ರಸ್ತೆ ಬದಿಯಲ್ಲೇ ಒಂದು ಕುಂಬಳಕಾಯಿ ಹೊಲವಂತೆ. ಹಬ್ಬದ ಹೊತ್ತಿಗೆ ಹೊಲದ ಮುದುಕ ಕಾಯಿಗಳನ್ನು ರಾಶಿ ಹಾಕಿಕೊಂಡು ಕೂತಿರುತ್ತಾನಂತೆ, ಕೇಳುವವರಿಲ್ಲ. ಅವನ ಕಣ್ಣೆದುರೇ ಭಾವ ಲಾರಿ ತುಂಬ ಎಲ್ಲಿಂದಲೋ ಬಂದ ಕುಂಬಳಕಾಯಿ ಹೇರಿಕೊಂಡು ಹೋಗಬೇಕು.

"ಅವನ ಮುಖ ನೋಡೋಕಾಗಲ್ಲ ಕಣೇ. ಅಲ್ಲಿ ನಾನು ಹಾರ್ನ್ ಕೂಡ ಹೊಡಿಯಲ್ಲ," ಎಂದರಂತೆ.

ನಮ್ಮಕ್ಕನ ತಲೆಗೆ ಏನಾದರೂ ಹೊಕ್ಕರೆ ಮುಗಿಯಿತು. ನೆಟ್ಟಗೆ ಅಂಗಡಿಯ ಯಜಮಾನಿಯ ಬಳಿ ಹೋಗಿ, ಈ ಸಲ ಹಬ್ಬಕ್ಕೆ ಲಾರಿ ದೂರ ಹೋಗುವುದು ಬೇಡ, ಸುತ್ತಮುತ್ತಲ ಹೊಲಗಳಿಗೆ ಹೋಗಲಿ, ಗಂಡ ಮಧ್ಯಾಹ್ನ ಊಟಕ್ಕೆ ಮನೆಗೆ ಬರಲಿ ಎಂದಳು. ಯಜಮಾನಿ ಮೂಗು ಮುರಿದಳು. ಈ ಕಾಲದಲ್ಲಿ ಇಲ್ಲಿ ಹೂಕೋಸು ಎಲ್ಲಿ, ಬಟಾಣಿ ಎಲ್ಲಿ? ಗಿರಾಕಿಗಳು ಕೇಳಿದರೆ ಸೊಪ್ಪು ತೋರಿಸಲೇ?

"ಇರೋದನ್ನ ನೋಡಿ ಅಡುಗೆ ಯೋಚಿಸ್ತಾರೆ ಬಿಡಿ. ಉಳಿದ್ರೆ ಎಲ್ಲಾ ನಾನೇ ಕೊಂಡ್ಕೋತೀನಿ," ಎಂದಳು ಅಕ್ಕ. ಕೊಳ್ಳಲು ಕಾಸೆಲ್ಲಿತ್ತೋ, ನಾನಂತೂ ಕೇಳಲಿಲ್ಲ.

ಹಬ್ಬದ ಬೆಳಿಗ್ಗೆ ಅಂಗಡಿಯಲ್ಲಿ ಕುಂಬಳಕಾಯಿ, ಬದನೆ, ಇಬ್ಬನಿ ಆರದ ಸೊಪ್ಪು. ಬಂದ ಹೆಂಗಸರು ಹೂಕೋಸಿಲ್ಲವೆಂದು ಗೊಣಗಿದರು. ಅಕ್ಕ ಮೂಲೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಒಬ್ಬಾಕೆ ಬದನೆಯ ತೊಟ್ಟು ಮುರಿದು ನೋಡಿದಳು, ಇನ್ನೂ ಹಸಿ. ಚೀಲ ಬಿಡಿಸಿದಳು. ಆಮೇಲೆ ಉಳಿದವರೂ ಕೈ ಹಾಕಿದರು. ರುಚಿಯ ಮಾತು ಹಾಗಿರಲಿ, ಬಾಡದ ಸೊಪ್ಪನ್ನು ಆ ಅಂಗಡಿಯಲ್ಲಿ ನಾನು ನೋಡಿದ್ದೇ ಮೊದಲು. ಭಾವ ಮತ್ತೊಂದು ಸಲ ಹೊಲಕ್ಕೆ ಹೋಗಿ ಬರಬೇಕಾಯಿತು. ಮುದುಕ ನಮ್ಮ ಮನೆಗೆಂದು ಒಂದು ಕಾಯಿ ಎತ್ತಿಟ್ಟಿದ್ದನಂತೆ.

ಮಧ್ಯಾಹ್ನ ಭಾವ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ನಮ್ಮೆಲ್ಲರ ಜೊತೆ ಊಟಕ್ಕೆ ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಕೂತಿದ್ದರು. ಹಬ್ಬಕ್ಕೆ ಬರುವ ನೆಂಟರಿಗೆಲ್ಲ ಬಡಿಸುವುದು ಭಾವನ ಪುಟ್ಟ ಮಗಳು, ಉಪಚಾರದ ಮಾತೆಲ್ಲ ಅವಳಿಗೆ ಬಾಯಿಪಾಠ. ಸೌಟು ಹಿಡಿದು ಅಪ್ಪನ ಮುಂದೆ ಬಂದಳು.

"ಸಂಕೋಚ ಮಾಡ್ಕೋಬೇಡಿ ಅಪ್ಪ. ನಿಮ್ಮ ಮನೆ ಅಂತಲೇ ಅಂದ್ಕೊಳ್ಳಿ."

ನಮಗೆ ನಗು ಬರಬೇಕಿತ್ತು, ಬರಲಿಲ್ಲ. ಅಕ್ಕ ತಲೆ ತಗ್ಗಿಸಿದಳು. ಭಾವ ತಟ್ಟೆಯನ್ನು ಮಗಳ ಮುಂದೆ ಚಾಚಿದರು.

"ಅಂದ್ಕೋತೀನಿ ಮಗಳೇ. ಇನ್ನೊಂಚೂರು ಹಾಕು."