ಮೂರು ಕಾರ್ಬನ್ ಪ್ರತಿ, ಒಂದು ಬೈಕು

2001ರ ಫೆಬ್ರವರಿಯ ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಹರಿಹರಪುರ ದಾಟಿದ ಮೇಲೆ ಸಿಗುವ ಬಲ ತಿರುವಿನಲ್ಲಿ ನನ್ನ ಬೈಕು ತಿರುಗದೆ ನೇರ ಹೋಗಿ ಎಡಗಡೆಯ ಮೋರಿಯ ಕಟ್ಟೆಗೆ ಬಡಿಯಿತು. ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಿದ್ದ ನನ್ನ ಹೆಂಡತಿ ಸುಮಿತ್ರಾಳ ಎಡಗಾಲು ಬೈಕಿಗೂ ಕಟ್ಟೆಗೂ ನಡುವೆ ಸಿಕ್ಕಿತು. ನನ್ನ ಮೊಣಕೈ ತರಚಿತು.

ಸಮಯ ಗೊತ್ತಾದದ್ದು ಅವಳ ಕೈಗಡಿಯಾರದಿಂದ. ಅದು ಅಲ್ಲಿಗೇ ನಿಂತಿತ್ತು.

ಬಡಿದದ್ದು ನನಗೆ ನೆನಪಿಲ್ಲ. ತಿರುವಿಗೆ ಮೊದಲು ಒಂದು ಹಲಸಿನ ಮರ ಇದೆ, ಅದು ನೆನಪಿದೆ. ಆಮೇಲೆ ನೆನಪಿರುವುದು ಯಾರದೋ ಜೀಪಿನ ಒಳಗೆ ಸುಮಿತ್ರಾಳ ತಲೆ ನನ್ನ ತೊಡೆಯ ಮೇಲಿದ್ದದ್ದು, ಅವಳು ಹೊಲಿದ ರವಿಕೆಗಳ ಕಟ್ಟು ನನ್ನ ಕೈಯಲ್ಲಿದ್ದದ್ದು. ನಡುವಿನದು ಇಲ್ಲ.

ನಾನು ಕೊಪ್ಪದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕುಗಳ ಸುದ್ದಿ ನನ್ನದೇ. ಆಗ ಸುದ್ದಿ ಬಸ್ಸಿನಲ್ಲಿ ಹೋಗುತ್ತಿತ್ತು. ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಬರೆಯುವುದು, ಕೆಳಗಿನ ಪ್ರತಿಯನ್ನು ಫೈಲಿನಲ್ಲಿ ಇಟ್ಟುಕೊಳ್ಳುವುದು, ಮೇಲಿನದನ್ನು ಫಿಲಂ ರೋಲಿನ ಜತೆ ಕವರಿಗೆ ಹಾಕಿ ಐದು ಗಂಟೆಯ ಬಸ್ಸಿನ ಡ್ರೈವರ್ ಕೈಗೆ ಕೊಡುವುದು. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಕಚೇರಿಯವರು ಬಂದು ತೆಗೆದುಕೊಳ್ಳುತ್ತಿದ್ದರು. ಬಸ್ಸು ತಪ್ಪಿದರೆ ಆ ದಿನ ಸುದ್ದಿ ಇಲ್ಲ. ಬೈಕು ಇಲ್ಲದಿದ್ದರೆ ಮೂರು ತಾಲ್ಲೂಕು ತಿರುಗಿ ಐದಕ್ಕೆ ಕೊಪ್ಪಕ್ಕೆ ಬರಲು ಆಗುವುದಿಲ್ಲ.

ಸುಮಿತ್ರಾ ಟೈಲರ್. ಪೇಟೆಯಲ್ಲಿ ಒಂದು ಕೋಣೆಯ ಅಂಗಡಿ, ಕಾಲಿನಲ್ಲಿ ತುಳಿಯುವ ಮೆಷಿನ್. ಆ ದಿನ ಅಡ್ಡಗದ್ದೆಯ ಒಂದು ಮದುವೆ ಮನೆಗೆ ರವಿಕೆ ತಲುಪಿಸಬೇಕಿತ್ತು. ನಾನು ಬರೆಯುತ್ತಾ ಕೂತಿದ್ದೆ. ಅವಳು ಬಾಗಿಲಲ್ಲಿ ನಿಂತು, ಬೇಗ ಹೊರಡಿ ಮಾರಾಯ್ರೆ, ಐದರ ಬಸ್ಸಿಗೆ ಕವರ್ ಬೇರೆ ಕೊಡ್ಬೇಕಲ್ಲ ಅಂದಳು. ನನ್ನ ಕೆಲಸಕ್ಕಾಗಿ ಆಡಿದ ಮಾತು. ಆ ಮಾತನ್ನು ಅವಳು ಏಳು ವರ್ಷ ಹೊತ್ತಳು.

ಕೊಪ್ಪದ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ, ಪಾದದ ಗಂಟು ಪುಡಿಯಾಗಿದೆ, ಇಲ್ಲಿ ಆಗುವುದಿಲ್ಲ ಎಂದರು. ಆಂಬುಲೆನ್ಸಿನಲ್ಲಿ ಆಗುಂಬೆ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಮರುದಿನ ಬೇರೆ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಚಾಲಕನ ನಿಯಂತ್ರಣ ತಪ್ಪಿ ಬೈಕ್ ಮೋರಿಗೆ ಡಿಕ್ಕಿ, ದಂಪತಿಗೆ ಗಾಯ. ಇದೇ ವಾಕ್ಯವನ್ನು ನಾನು ಎಷ್ಟೋ ಸಲ ಬರೆದಿದ್ದೇನೆ. ನಿಯಂತ್ರಣ ಯಾಕೆ ತಪ್ಪಿತು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ವಿಚಾರಿಸಿದ್ದು ಮೂಳೆ ಡಾಕ್ಟರು. ಉತ್ತರ ಕೊಟ್ಟವಳು ಸುಮಿತ್ರಾ. ಮೊದಲ ಆಪರೇಷನ್ ಆಗಿ ಮೂರನೆಯ ದಿನ. ಗಾಡಿ ಜಾರಲಿಲ್ಲ, ಎದುರಿಗೆ ಏನೂ ಬರಲಿಲ್ಲ, ಇವರು ತಿರುಗಿಸಲೇ ಇಲ್ಲ, ಕರೆದೆ, ಭುಜ ಅಲುಗಿಸಿದೆ, ಮಾತೂ ಆಡಲಿಲ್ಲ ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಅದೇ ದಿನ ನನಗೂ ಒಂದು ಕೇಸ್ ಶೀಟ್ ಆಯಿತು.

ಇಇಜಿ ಮಾಡಿದರು. ಎಂಆರ್‌ಐ ಮಾಡಿದರು. ಮಿದುಳಿನ ಎಡಭಾಗದಲ್ಲಿ ಒಂದು ಸಣ್ಣ ಹಳೆಯ ಕಲೆ ಇತ್ತು. ನ್ಯೂರಾಲಜಿಸ್ಟ್ ಸುಮಿತ್ರಾಳ ಮಂಚದ ಹತ್ತಿರವೇ ನಿಂತು ಇಬ್ಬರಿಗೂ ವಿವರಿಸಿದರು. ಇದು ಫಿಟ್ಸಿನದೇ ಒಂದು ಬಗೆ, ಕಾಂಪ್ಲೆಕ್ಸ್ ಪಾರ್ಶಿಯಲ್ ಸೀಜರ್. ಇದರಲ್ಲಿ ಎಲ್ಲರೂ ಬೀಳುವುದಿಲ್ಲ, ಬಾಯಲ್ಲಿ ನೊರೆ ಬರಬೇಕೆಂದಿಲ್ಲ. ಕಣ್ಣು ತೆರೆದೇ ಇರುತ್ತದೆ. ಅರ್ಧ ನಿಮಿಷವೋ ಒಂದು ನಿಮಿಷವೋ ಮನುಷ್ಯ ಅಲ್ಲಿ ಇರುವುದಿಲ್ಲ, ಅಷ್ಟೆ.

ಆಮೇಲೆ ಕೇಳಿದರು, "ಇದಕ್ಕೆ ಮೊದಲು ಯಾವತ್ತಾದ್ರೂ ಹೀಗಾಗಿತ್ತಾ?"

ಸುಮಿತ್ರಾ ದಿಂಬಿನಿಂದ ತಲೆ ತಿರುಗಿಸಿ ನನ್ನನ್ನು ನೋಡಿದಳು.

"ಇಲ್ಲ ಡಾಕ್ಟ್ರೇ, ಇದೇ ಮೊದಲು" ಅಂದೆ.

ಅದು ಸುಳ್ಳು.

ಹಿಂದಿನ ಡಿಸೆಂಬರಿನಲ್ಲಿ ಕಚೇರಿಯಿಂದ ಉಪಸಂಪಾದಕರು ಫೋನ್ ಮಾಡಿದ್ದರು. ಮುತ್ತಿನಕೊಪ್ಪದ ಸುದ್ದಿಯಲ್ಲಿ ಒಂದು ವಾಕ್ಯ ಅರ್ಧಕ್ಕೇ ನಿಂತಿದೆ, ಮುಂದಿನ ಸಾಲು ಬೇರೆ ವಿಷಯದಿಂದ ಶುರುವಾಗಿದೆ, ಏನು ಮಾರಾಯ್ರೆ, ಬರೆಯುವಾಗ ನಿದ್ದೆಯಾ ಎಂದು ನಕ್ಕರು. ಕಾರ್ಬನ್ ಪ್ರತಿ ತೆಗೆದು ನೋಡಿದೆ. ಹೌದು, ನಿಂತಿತ್ತು. ಮತ್ತೆ ಜನವರಿಯ ಮೊದಲ ವಾರ. ಅದರಲ್ಲಿ ಒಂದು ಅಕ್ಷರದಿಂದ ಪೆನ್ನಿನ ಗೆರೆ ಹಾಳೆಯ ಅಂಚಿನವರೆಗೆ ಜಾರಿಕೊಂಡು ಹೋಗಿತ್ತು. ಮೂರನೆಯದು ಜನವರಿ ಕೊನೆಗೆ. ಮೂರೂ ನನ್ನ ಕೈಬರಹ. ಮೂರರಲ್ಲೂ ಆ ಜಾಗದಲ್ಲಿ ಏನು ಬರೆಯಲು ಹೊರಟಿದ್ದೆ ಎಂಬುದು ನನಗೆ ಗೊತ್ತಿರಲಿಲ್ಲ.

ನಮ್ಮ ಕಡೆ ತಲೆಗೆ ಏನೇ ಆದರೂ ಪಿತ್ತ. ಸುಮಿತ್ರಾಳ ಹತ್ತಿರ ಸ್ವಲ್ಪ ಪಿತ್ತ ಆಗಿದೆ ಎಂದಷ್ಟೇ ಹೇಳಿದೆ. ಅವಳು ಮುಂದೆ ಕೇಳಲಿಲ್ಲ. ದಿನಾ ಬೆಳಿಗ್ಗೆ ಜೀರಿಗೆ ಕಷಾಯ ಮಾಡಿ ಕೊಟ್ಟಳು. ಕುಡಿದೆ. ಕುಡಿದು ಬೈಕು ಹತ್ತಿದೆ. ಡಾಕ್ಟರಿಗೆ ತೋರಿಸಿದರೆ ಬೈಕು ಬಿಡಿಸುತ್ತಾರೆ ಎಂಬ ಅಂದಾಜು ನನಗಿತ್ತು. ಬೈಕು ಬಿಟ್ಟರೆ ಕೆಲಸ ಇಲ್ಲ. ಇಷ್ಟನ್ನು ಆಗಲೇ ಲೆಕ್ಕ ಹಾಕಿದ್ದೆ. ಹಿಂದೆ ಒಬ್ಬಳು ಕೂರುತ್ತಾಳೆ ಎಂಬುದನ್ನು ಹಾಕಿರಲಿಲ್ಲ.

ಮುತ್ತಿನಕೊಪ್ಪದಿಂದ ಅವಳ ಅಣ್ಣ ವಾರ್ಡಿಗೆ ಬಂದರು. ತಂಗಿಯ ಕಾಲಿಗೆ ಹಾಕಿದ್ದ ಕಬ್ಬಿಣದ ರಾಡುಗಳನ್ನು ತುಂಬ ಹೊತ್ತು ನೋಡಿದರು. "ಭಾವ, ಊರಿನವರ ಆಕ್ಸಿಡೆಂಟೆಲ್ಲ ಬರೀತೀರಿ. ಇದನ್ನ ಎಂತ ಅಂತ ಬರೀತೀರಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸುಮಿತ್ರಾ ಅಂದಳು, "ಸುಮ್ನಿರಣ್ಣ. ಅವರಿಗೆ ಎಂತ ಗೊತ್ತಿತ್ತು? ಅವಸರ ಮಾಡಿದ್ದು ನಾನು."

ನಾನು ಅವಳಿಗೆ ಕಿತ್ತಳೆ ಸುಲಿಯುತ್ತಿದ್ದೆ. ಸುಲಿಯುವುದನ್ನು ಮುಂದುವರಿಸಿದೆ.

ಒಟ್ಟು ಮೂರು ಆಪರೇಷನ್ ಆಯಿತು. ಪಾದ ಉಳಿಯಿತು, ಗಂಟು ಮಡಚುವುದು ಉಳಿಯಲಿಲ್ಲ. ನೆಲದಲ್ಲಿ ಕೂರಲು ಆಗುವುದಿಲ್ಲ. ಬಸ್ಸಿನಲ್ಲಿ ಕುಲುಕಿದರೆ ಗಂಟು ಊದುತ್ತದೆ, ಅದಕ್ಕೆ ಮುಂದಿನ ಸೀಟೇ ಬೇಕು. ಕಂಡಕ್ಟರುಗಳಿಗೆ ಅದು ರೂಢಿಯಾಯಿತು, ಅವಳು ಹತ್ತಿದ ಕೂಡಲೇ ಯಾರನ್ನಾದರೂ ಎಬ್ಬಿಸುತ್ತಿದ್ದರು. ಮೆಷಿನ್ ತುಳಿಯಲು ನೋಡಿದಳು. ಒಂದು ಕಾಲು ಮಾತು ಕೇಳುತ್ತಿತ್ತು, ಇನ್ನೊಂದು ಕೇಳುತ್ತಿರಲಿಲ್ಲ, ಹೊಲಿಗೆ ವಾರೆಯಾಗುತ್ತಿತ್ತು. ವರ್ಷದ ಮೇಲೆ ಮೆಷಿನ್ನಿಗೆ ಮೋಟರ್ ಕೂರಿಸಿದೆವು. ಕರೆಂಟು ಇದ್ದಾಗ ಹೊಲಿಯುತ್ತಾಳೆ. ಇಲ್ಲದಾಗ ಗುಂಡಿ ಹಚ್ಚುತ್ತಾಳೆ.

ನನಗೆ ದಿನಕ್ಕೆ ಎರಡು ಮಾತ್ರೆ, ಆಮೇಲೆ ಮೂರು. ಕೆಲವು ತಿಂಗಳು ಎಲ್ಲವೂ ಎರಡೆರಡು ಕಾಣುತ್ತಿತ್ತು. ಪರಿಚಯದವರ ಹೆಸರು ಬಾಯಿಗೆ ಬರುತ್ತಿರಲಿಲ್ಲ. ವರದಿಗಾರನಿಗೆ ಅದು ಸಣ್ಣ ವಿಷಯವಲ್ಲ. ಬಸ್ಸಿನಲ್ಲಿ ತಿರುಗಿದೆ. ಶೃಂಗೇರಿಗೆ ಹೋದ ದಿನ ನರಸಿಂಹರಾಜಪುರ ಇಲ್ಲ. ಸಂಜೆ ಸುದ್ದಿ ಕಳಿಸಲು ಫ್ಯಾಕ್ಸ್ ಬಂತು, ಆಮೇಲೆ ಇಮೇಲ್ ಬಂತು, ಆದರೂ ಸುದ್ದಿ ಇರುವ ಜಾಗಕ್ಕೆ ಹೋಗಲೇಬೇಕಲ್ಲ. ಎರಡು ತಾಲ್ಲೂಕುಗಳನ್ನು ಕಚೇರಿ ಬೇರೆಯವರಿಗೆ ಕೊಟ್ಟಿತು. ಬೈಕು ಮೆಟ್ಟಿಲ ಕೆಳಗೆ ನಿಂತಿತು. ಸುಮಿತ್ರಾ ಫಾಲ್ ಹಚ್ಚಿದ ಸೀರೆಗಳನ್ನು ಅದರ ಹ್ಯಾಂಡಲ್ಲಿಗೆ ನೇತುಹಾಕುತ್ತಿದ್ದಳು.

ಕೊನೆಯ ಫಿಟ್ಸ್ ಬಂದದ್ದು 2002ರ ನವೆಂಬರಿನಲ್ಲಿ, ಊಟ ಮಾಡುವಾಗ. ಎದುರಿಗೆ ಕೂತಿದ್ದ ಸುಮಿತ್ರಾ ನನ್ನ ಕೈಯಿಂದ ಲೋಟ ತೆಗೆದಿಟ್ಟಳಂತೆ. ಆಮೇಲೆ ಬರಲಿಲ್ಲ. 2006ರ ಹೊತ್ತಿಗೆ ಮಾತ್ರೆಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಮಾತ್ರೆ ಇಲ್ಲದೆಯೂ ಬರಲಿಲ್ಲ.

ಬೈಕಿನ ಮಾತು ಎತ್ತಿದವಳು ಅವಳೇ. 2008ರ ಏಪ್ರಿಲಿನಲ್ಲಿ. ಬೇರೆಯವರು ಬರೆದ ಶೃಂಗೇರಿ ಸುದ್ದಿಯನ್ನು ನಾನು ಎರಡೆರಡು ಸಲ ಓದುವುದನ್ನು ನೋಡಿರಬೇಕು. ಡಾಕ್ಟರನ್ನು ಕೇಳುವ ಅಂದಳು. ಕೇಳುವ ಮೊದಲೇ ಪೇಟೆಯಿಂದ ರೆಕ್ಸಿನ್ ತಂದು ಸೀಟಿಗೆ ಹೊಸ ಕವರ್ ಹೊಲಿದಳು. ಹಿಂದಿನ ಭಾಗಕ್ಕೆ ಒಂದು ಪದರ ಸ್ಪಂಜು ಜಾಸ್ತಿ ಇಟ್ಟಿದ್ದಳು. ಯಾಕೆ ಎಂದೆ.

"ಮತ್ತೆ, ಕೂರೋದು ನಾನಲ್ವಾ? ಮೊದಲ ಸಲ ನನ್ನನ್ನೇ ಕರ್ಕೊಂಡು ಹೋಗ್ಬೇಕು. ಅಡ್ಡಗದ್ದೆಗೆ. ಆ ರವಿಕೆ ತಲುಪಿಸದೇ ಉಳೀತಲ್ಲ."

ಮೇ ತಿಂಗಳಲ್ಲಿ ಇಬ್ಬರೂ ಘಟ್ಟ ಇಳಿದು ಹೋದೆವು. ಅದೇ ನ್ಯೂರಾಲಜಿಸ್ಟ್, ತಲೆ ಬೆಳ್ಳಗಾಗಿತ್ತು. ಇಇಜಿ ಚೆನ್ನಾಗಿದೆ ಎಂದರು. ಲೈಸೆನ್ಸ್ ಅರ್ಜಿಯಲ್ಲಿ ಈ ಕಾಯಿಲೆಯ ಬಗ್ಗೆ ಪ್ರಶ್ನೆ ಇರುತ್ತದೆ, ಅದಕ್ಕೆ ಸುಳ್ಳು ಬರೆಯಬೇಡಿ, ಆಗಿದ್ದನ್ನೆಲ್ಲ ವಿವರವಾಗಿ ನಾನು ಬರೆದು ಕೊಡುತ್ತೇನೆ, ತೀರ್ಮಾನ ಆರ್‌ಟಿಓದವರದು ಎಂದರು. ಬರೆಯಲು ಹಳೆಯ ಫೈಲು ಬಿಡಿಸಿದರು. ಮೊದಲ ಪುಟದ ಮೇಲೆ ಬೆರಳಿಟ್ಟರು. ಫಸ್ಟ್ ಎಪಿಸೋಡ್ ಎಂದು ಅಲ್ಲಿ ಬರೆದಿತ್ತು.

"ಆಕ್ಸಿಡೆಂಟಿಗೆ ಮೊದಲು ಆಗಿರ್ಲಿಲ್ಲ, ಅಲ್ವಾ?"

ಹೌದು ಎಂದರೆ ಮುಗಿಯುತ್ತಿತ್ತು. ಸುಮಿತ್ರಾ ಪಕ್ಕದ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಕಾಲನ್ನು ಮುಂದಕ್ಕೆ ನೀಡಿ ಕೂತಿದ್ದಳು. ಅವಳು ಇನ್ನೊಮ್ಮೆ ನನ್ನ ಹಿಂದೆ ಕೂರುವವಳಿದ್ದಳು.

"ಆಗಿತ್ತು. ಮೂರು ಸಲ. ನನಗೆ ಗೊತ್ತಿತ್ತು" ಅಂದೆ.

ಡಾಕ್ಟರು ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದು ಸಹಿ ಮಾಡಿದರು. ಈಗ ಚಿಕಿತ್ಸೆಯಲ್ಲಿ ಇದರಿಂದ ವ್ಯತ್ಯಾಸವೇನಿಲ್ಲ ಎಂದರು. ಸುಮಿತ್ರಾ ಕೈಚೀಲ ಎತ್ತಿಕೊಂಡು ಎದ್ದಳು. ಮಿನಿ ಬಸ್ಸು ಘಾಟಿಯ ನಾಲ್ಕಾರು ತಿರುವು ಹತ್ತಿದ ಮೇಲೆ ಮುಂದಿನ ಗಾಜನ್ನು ನೋಡುತ್ತಲೇ ಕೇಳಿದಳು.

"ಹಾಗಾದ್ರೆ ಆ ದಿನ ನಾನು ಅವಸರ ಮಾಡಿದ್ದಕ್ಕೆ ಅಲ್ಲ?"

"ಅಲ್ಲ."

"ಅದಕ್ಕೇ ಅಂತ ನಾನು ಅಂದ್ಕೊಂಡಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಕೊಪ್ಪ ಬರುವವರೆಗೂ ಅವಳು ಮುಂದಿನ ಗಾಜನ್ನೇ ನೋಡಿದಳು.

ಮನೆಗೆ ಬಂದು ಮೂರು ಕಾರ್ಬನ್ ಪ್ರತಿಗಳನ್ನು ಅವಳ ಮುಂದಿಟ್ಟೆ. ಬಟ್ಟೆಯ ಹೊಲಿಗೆ ಪರೀಕ್ಷಿಸುವ ಹಾಗೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಮೂರನೆಯದರ ತಾರೀಕನ್ನು ಎರಡು ಸಲ ಓದಿದಳು.

"ಇದಾದ ಮೇಲೂ ಎರಡು ವಾರ ನನ್ನನ್ನ ಹಿಂದೆ ಕೂರಿಸ್ಕೊಂಡು ತಿರುಗಿದ್ರಿ" ಅಂದಳು. ಹಾಳೆಗಳನ್ನು ಅಂಚು ಕೂಡಿಸಿ ಮಡಚಿ ನನಗೇ ಕೊಟ್ಟಳು. "ಬೈಕು ಓಡಿಸಿ. ಬೇಡ ಅನ್ನಲ್ಲ. ನಾನು ಕೂರಲ್ಲ."

ಅಣ್ಣನಿಗೆ ಅವಳು ಹೇಳಿಲ್ಲ. ಅವರು ಬಂದಾಗಲೆಲ್ಲ ನಾನು ಕಾಯುತ್ತೇನೆ. ಇದುವರೆಗೆ ಹೇಳಿಲ್ಲ. ಅಡುಗೆ ಆಗುತ್ತದೆ, ಬಟ್ಟೆ ಒಗೆದಾಗುತ್ತದೆ, ನನ್ನ ಊಟದ ಹೊತ್ತಿಗೆ ಎದುರಿಗೆ ಬಂದು ಕೂರುವುದೂ ತಪ್ಪಿಲ್ಲ. ಮುಂಚೆ ಕೂತಾಗ ಮಾತಾಡುತ್ತಿದ್ದಳು.

ಅರ್ಜಿಯಲ್ಲಿ ನಿಜ ಬರೆದೆ. ಮತ್ತೆರಡು ಸಲ ಆಸ್ಪತ್ರೆಗೂ ಆರ್‌ಟಿಓ ಆಫೀಸಿಗೂ ಓಡಾಡಿದ ಮೇಲೆ ಅಕ್ಟೋಬರಿನಲ್ಲಿ ಲೈಸೆನ್ಸ್ ಕೈಗೆ ಬಂತು. ಮೊದಲ ದಿನ ಬೈಕನ್ನು ಮೈದಾನಕ್ಕೆ ತಳ್ಳಿಕೊಂಡು ಹೋದೆ. ಗೇರ್ ಹಾಕುವುದು ಕಾಲಿಗೆ ನೆನಪಿತ್ತು. ಕ್ಲಚ್ ಎಷ್ಟು ಬಿಡಬೇಕೆಂಬುದು ಕೈಗೆ ಮರೆತಿತ್ತು. ಮೂರು ಸಲ ಆಫ್ ಆಯಿತು. ವಾರದ ಮೇಲೆ ರಸ್ತೆಗೆ ಇಳಿದೆ. ಹಗಲು ಮಾತ್ರ, ಒಬ್ಬನೇ, ನಿಧಾನ.

ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗುತ್ತೇನೆ. ಪೆಟ್ರೋಲ್ ಬಂಕು, ಶಾಲೆ, ಕಿಲೋಮೀಟರ್ ಕಲ್ಲು, ಮೋರಿ, ಹಸು. ನಡುವೆ ಒಂದು ಬಿಟ್ಟುಹೋಯಿತು ಎನಿಸಿದರೆ ಅಲ್ಲೇ ನಿಲ್ಲಿಸಿ ಕೀ ತೆಗೆಯಬೇಕು, ಇದು ನಾನೇ ಹಾಕಿಕೊಂಡ ನಿಯಮ. ಹರಿಹರಪುರ ದಾಟಿದ ಮೇಲೆ ಹಲಸಿನ ಮರ ಎನ್ನುತ್ತೇನೆ. ತಿರುವು ಎನ್ನುತ್ತೇನೆ. ಕಟ್ಟೆ ಎನ್ನುತ್ತೇನೆ. ಕಟ್ಟೆಯನ್ನು ಹೊಸದಾಗಿ ಕಟ್ಟಿ ಸುಣ್ಣ ಹೊಡೆದಿದ್ದಾರೆ. ಇಲ್ಲಿಯವರೆಗೆ ಒಂದೂ ಬಿಟ್ಟುಹೋಗಿಲ್ಲ.

ಕಳೆದ ಭಾನುವಾರ ಅಡ್ಡಗದ್ದೆಯ ಅದೇ ಮನೆಯ ಎರಡನೆಯ ಮಗಳ ಮದುವೆಯ ರವಿಕೆಗಳು ಸಿದ್ಧವಾಗಿದ್ದವು. ನಾನು ಬೈಕು ಒರೆಸುತ್ತಿದ್ದೆ. ಸುಮಿತ್ರಾ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬೈಕಿನ ಹತ್ತಿರ ಬಂದು ನಿಂತಳು. ಸೀಟಿನ ಹಿಂಭಾಗದಲ್ಲಿ ಒಂದು ದಾರ ಎದ್ದಿತ್ತು, ಬಗ್ಗಿ ಹಲ್ಲಿನಿಂದ ಕಚ್ಚಿ ತೆಗೆದಳು. ಬಸ್ ನಿಲ್ದಾಣಕ್ಕೆ ಹೋದಳು.

ನಾನು ಬಸ್ಸಿನ ಹಿಂದೆ ಹೊರಟೆ. ಕಂಡಕ್ಟರು ಮುಂದಿನ ಸೀಟು ಖಾಲಿ ಮಾಡಿಸಿದ್ದು ಕಂಡಿತು. ಅವಳು ಅಲ್ಲಿ ಕೂರಲಿಲ್ಲ. ಕಂಬಿ ಹಿಡಿದುಕೊಂಡು ಹಿಂದಕ್ಕೆ ನಡೆದು ಬಂದಳು. ಕೊಪ್ಪದಿಂದ ಅಡ್ಡಗದ್ದೆಯವರೆಗೂ ಬಸ್ಸಿನ ಕೊನೆಯ ಸೀಟಿನಲ್ಲಿ, ಹಿಂದಿನ ಗಾಜಿನಲ್ಲಿ ನನ್ನ ಕಡೆಗೆ ತಿರುಗಿ ಕೂತಿದ್ದಳು.